ಗಾಲಿಯ ನಡುವಿನ ತೂತು

ಹೋದ ಸೆಪ್ಟೆಂಬರಿನಲ್ಲಿ ಅರಕಲಗೂಡು ಕಡೆಯ ನಮ್ಮೂರಿಂದ ತಮ್ಮ ಫೋನ್ ಮಾಡಿದ್ದ. ಇಪ್ಪತ್ತು ಮೂಟೆ ಹಸಿ ಶುಂಠಿ ಹೇರಿಕೊಂಡು ಹೊರಟ ಪಿಕಪ್ಪು ಹೊಲದ ದಾರಿಯಲ್ಲೇ ಹೂತುಹೋಗಿ, ಮೂಟೆಗಳೆಲ್ಲ ಎರಡು ದಿನ ಮಳೆಯಲ್ಲಿ ನೆಂದಿದ್ದವು. ವ್ಯಾಪಾರಿ ರೇಟು ಇಳಿಸಿದ. ತಾಲ್ಲೂಕಿನ ಟೈರ್ ಅಂಗಡಿಯವನು ಪರಿಹಾರ ಹೇಳಿದ್ದನಂತೆ: 15 ಇಂಚಿನ ಗಾಲಿ ಬಿಚ್ಚಿ 16 ಇಂಚಿನದು ಹಾಕಿಸಿ, ರಿಮ್ಮೂ ಟೈರೂ ಎರಡೂ ಹೊಸದು. "ಏನಣ್ಣ, ಹಾಕಿಸಿಬಿಡ್ಲಾ? ನೀನು ಎಂಟೆಕ್ ಓದಿದೀಯ, ಹೇಳು."

ಪುಣೆಯಲ್ಲಿ ಕೂತು ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಗಡುವು ಕಾಯುವವನಿಗೆ ಗಾಲಿಯ ಬಗ್ಗೆ ಏನು ಗೊತ್ತಿರುತ್ತದೆ? ಆದರೂ ಅಣ್ಣ ಅನ್ನಿಸಿಕೊಂಡ ಮೇಲೆ ಗೊತ್ತಿಲ್ಲ ಅನ್ನುವುದು ಕಷ್ಟ. ಎರಡು ದಿನ ಟೈಮು ಕೇಳಿದೆ. ಕೊನೆಗೆ ಓದಿಕೊಂಡದ್ದೆಲ್ಲ ನೂರು ವರ್ಷದ ಹಿಂದಿನ ಕಥೆ.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಮುಂದಿನ ಟೈರಿನ ಅಳತೆ 30 x 3, ಹಿಂದಿನದು 30 x 3½. ಆಗ ಬರೆಯುತ್ತಿದ್ದದ್ದು ಟೈರಿನ ಹೊರಗಿನ ವ್ಯಾಸ ಮತ್ತು ದಪ್ಪ. ಮೂವತ್ತು ಇಂಚಿನ ಗಾಲಿ, ಅದಕ್ಕೆ ಸುತ್ತಿದ ಮೂರು ಇಂಚಿನ ತೆಳು ರಬ್ಬರು. ಅಷ್ಟು ಎತ್ತರ ಏಕೆಂದರೆ ಅಮೆರಿಕದ ಹಳ್ಳಿ ರಸ್ತೆಗಳು ಆಗ ನಮ್ಮೂರ ಹೊಲದ ದಾರಿಯ ಹಾಗೇ ಇದ್ದವು. ಕುದುರೆಗಾಡಿಯ ಚಕ್ರಗಳು ಕೊರೆದ ಜಾಡು, ಮಳೆ ಬಂದರೆ ಕೆಸರು. ನಮ್ಮ ಎತ್ತಿನಗಾಡಿಯ ಚಕ್ರ ಎದೆಯೆತ್ತರ ಇರುತ್ತಿದ್ದದ್ದಕ್ಕೂ ಇದೇ ಕಾರಣ. ಚಕ್ರ ದೊಡ್ಡದಾದಷ್ಟೂ ಗುಂಡಿಗೆ ಬೀಳುವುದು ಕಡಿಮೆ, ಬಿದ್ದರೆ ಹತ್ತಿ ಬರುವುದು ಸಲೀಸು. ಆದರೆ ಆ ತೆಳು ಟೈರಿಗೆ ಚದರ ಇಂಚಿಗೆ 60 ಪೌಂಡಿನ ಆಸುಪಾಸು ಗಾಳಿ ಬೇಕಿತ್ತು. ಕಲ್ಲಿನ ಹಾಗೆ ಗಟ್ಟಿ.

1916ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರ ರಸ್ತೆಗಳಿಗೆ ಹಣ ಕೊಡುವ ಕಾನೂನು ಮಾಡಿತು, 1921ರಲ್ಲಿ ಇನ್ನೊಂದು. 1923ರಲ್ಲಿ ಫೈರ್‌ಸ್ಟೋನ್ ಕಂಪನಿ ಬಲೂನ್ ಟೈರು ತಂದಿತು: ದಪ್ಪ ಹೊಟ್ಟೆ, ಸುಮಾರು ಅರ್ಧದಷ್ಟು ಒತ್ತಡದ ಗಾಳಿ. 1925ರ ಏಪ್ರಿಲ್‌ನಲ್ಲಿ ಫೋರ್ಡ್ ಕಾರ್ಖಾನೆಯಿಂದಲೇ ಹಿಂದೆ ಬಾಡಿ ಕಟ್ಟಿದ ಮಾಡೆಲ್ ಟಿ ಪಿಕಪ್ 281 ಡಾಲರಿಗೆ ಹೊರಬಂತು. ಅಲ್ಲಿಂದ ಮುಂದೆ ಫೋರ್ಡ್ ಕಾರುಗಳ ರಿಮ್ಮು ಮೆಟ್ಟಿಲಿಳಿದ ಹಾಗೆ ಇಳಿದಿದೆ. 1926ಕ್ಕೆ 21 ಇಂಚು, 1930ಕ್ಕೆ 19, 1932ಕ್ಕೆ 18, 1933ಕ್ಕೆ 17, 1935ಕ್ಕೆ 16.

ಇದನ್ನು ಎಕ್ಸೆಲ್‌ನಲ್ಲಿ ಹಾಕಿ ಗ್ರಾಫ್ ಬಿಡಿಸಿ (ಹುಟ್ಟುಗುಣ) "ಗಾಲಿ ಅರ್ಧಕ್ಕರ್ಧ ಸಣ್ಣದಾಯಿತು" ಎಂದು ಬರೆದುಕೊಂಡೆ. ಆಮೇಲೆ ತಿಳಿಯಿತು, ನಾನು ಹೋಲಿಸಿದ್ದು ಬೇರೆ ಬೇರೆ ಅಳತೆಗಳನ್ನು. 30 ಎಂಬುದು ಟೈರಿನ ಹೊರಗಿನ ಅಳತೆ. 16 ಎಂಬುದು ರಿಮ್ಮಿನದು, ಅಂದರೆ ಟೈರಿನ ನಡುವಿನ ತೂತಿನದು. 1941ರಲ್ಲಿ ಯುದ್ಧಕ್ಕೆ ಹೋದ ಜೀಪಿಗೆ ಹಾಕಿದ್ದ 6.00-16 ಟೈರಿನ ಹೊರ ವ್ಯಾಸ ಸುಮಾರು 28 ಇಂಚು. ಮೂವತ್ತಕ್ಕೂ ಇಪ್ಪತ್ತೆಂಟಕ್ಕೂ ವ್ಯತ್ಯಾಸ ಎಷ್ಟು? ಗಾಲಿಯ ಎತ್ತರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ತೂತು ಕಿರಿದಾಗಿ, ಆ ಜಾಗದಲ್ಲಿ ಗಾಳಿ ತುಂಬಿಕೊಂಡಿತ್ತು. ಭಾರ ಹೊರುವುದು ರಬ್ಬರಲ್ಲ, ಅದರೊಳಗಿನ ಗಾಳಿ.

ಸ್ವಾತಂತ್ರ್ಯದ ಹೊತ್ತಿಗೆ ಮುಂಬಯಿಯಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪು ಜೋಡಿಸತೊಡಗಿದಾಗ ಅದೇ 16 ಇಂಚು ನಮ್ಮಲ್ಲಿಗೂ ಬಂತು. ಹಳ್ಳಿಯ ಕಣ್ಣಿಗೆ "ದೊಡ್ಡ ಗಾಲಿ" ಅಂದರೆ ಇವತ್ತಿಗೂ ಜೀಪಿನ ಗಾಲಿಯೇ. ಈಗ ಅಮೆರಿಕದಲ್ಲಿ ಗಾಳಿ ತಿರುಗಿದೆ. 20 ಇಂಚಿನ ರಿಮ್ಮಿನ ಪಿಕಪ್ಪುಗಳು ಸಾಮಾನ್ಯ. ದೊಡ್ಡ ಬ್ರೇಕು ಕೂರಿಸಲು ಜಾಗ ಬೇಕು ಎಂಬುದು ಒಂದು ಕಾರಣ, ನೋಡಲು ಚೆನ್ನ ಎಂಬುದು ಇನ್ನೊಂದು. ಎರಡನೆಯದೇ ದೊಡ್ಡದು ಎಂದು ನನ್ನ ಗುಮಾನಿ.

ಇದಕ್ಕೆ ಪೂರ್ತಿ ವಿರುದ್ಧದ ಗಾಲಿ ನಾನಿರುವ ಪುಣೆಯಲ್ಲೇ ಹುಟ್ಟಿತು. 2005ರಲ್ಲಿ ಟಾಟಾ ಏಸ್, ಇಲ್ಲಿನವರ ಬಾಯಲ್ಲಿ ಛೋಟಾ ಹಾಥಿ. ಅದಕ್ಕೆ ಬರೀ 12 ಇಂಚಿನ ರಿಮ್ಮು. ಕೆಸರಿನಲ್ಲಿ ಅದು ಏನೂ ಅಲ್ಲ. ಆದರೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನೀರಿನ ಕ್ಯಾನು ಇಳಿಸುವವನನ್ನು ನೋಡಿದ್ದೇನೆ. ಬಾಡಿ ಅವನ ಸೊಂಟಕ್ಕೂ ಕೆಳಗೆ. ಬಗ್ಗುವುದಿಲ್ಲ, ಏರುವುದಿಲ್ಲ, ಇನ್ನೊಬ್ಬನನ್ನು ಕೂಗುವುದಿಲ್ಲ.

ಅವನನ್ನು ನೋಡಿದ ಮೇಲೆಯೇ ನನಗೆ ತಮ್ಮನ ಲೆಕ್ಕ ಹತ್ತಿದ್ದು. ಅವನ ಗಾಡಿಯಲ್ಲಿರುವುದು 215/75 R15: ಒಟ್ಟು ವ್ಯಾಸ 703 ಮಿಲಿಮೀಟರು. ಅಂಗಡಿಯವನು ಹೇಳಿದ 7.50-16ರದು ಸುಮಾರು 800. ರಿಮ್ಮಿನಲ್ಲಿ ಒಂದೇ ಇಂಚಿನ ವ್ಯತ್ಯಾಸ, ಒಟ್ಟು ಗಾಲಿಯಲ್ಲಿ ಹತ್ತಿರ ಹತ್ತಿರ ನಾಲ್ಕಿಂಚು. ಅದರಲ್ಲಿ ಅರ್ಧ ಹಿಂದಿನ ಹೌಸಿಂಗಿನ ಕೆಳಗೆ ಸಿಗುತ್ತದೆ, ಕೆಸರಿಗೆ ಒಳ್ಳೆಯದೇ. ಆದರೆ ಅದೇ ಗೇರಿನಲ್ಲಿ ಎಳೆಯುವ ಬಲ ನೂರಕ್ಕೆ ಹನ್ನೆರಡರಷ್ಟು ಇಳಿಯುತ್ತದೆ. ಮೀಟರು 60 ತೋರಿಸಿದರೆ ಗಾಡಿ 68ರಲ್ಲಿರುತ್ತದೆ. ಪೂರ್ತಿ ತಿರುಗಿಸಿದರೆ ಟೈರು ಬಾಡಿಗೆ ಉಜ್ಜಲೂಬಹುದು. ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು, ಬಾಡಿಯೂ ಎರಡಿಂಚು ಮೇಲೇಳುತ್ತದೆ ಎಂಬುದು. ಶುಂಠಿ ಮೂಟೆ 60 ಕೆ.ಜಿ. ಹಮಾಲಿಯವರು ಸಿಗದ ದಿನ ಅದನ್ನು ಎತ್ತುವವರು ತಮ್ಮ ಮತ್ತು ಅವನ ಹೆಂಡತಿ. ಅವನಿಗೆ ಎರಡು ವರ್ಷದ ಹಿಂದೆಯೇ ಸೊಂಟದ ಡಿಸ್ಕು ಜಾರಿದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಫೋರ್ಡಿನ ಕಥೆಯನ್ನೂ ಸೇರಿಸಿ. ಅವನು ತಾಳ್ಮೆಯಿಂದ ಕೇಳಿ, "ಹಂಗಾದ್ರೆ ಅವ್ರು ಗಾಲಿ ಇಳಿಸಿದ್ದು ರೋಡ್ ಮಾಡ್ಕಂಡ್ ಮೇಲೆ ತಾನೇ?" ಅಂದ.

ಹೌದು ಅಂದೆ. ನನ್ನ ಎಕ್ಸೆಲ್‌ನಲ್ಲಿ ರಸ್ತೆಗೆ ಒಂದು ಕಾಲಮ್ಮೇ ಇರಲಿಲ್ಲ.

ಮೊನ್ನೆ ವಾಟ್ಸಾಪಿನಲ್ಲಿ ಫೋಟೊ ಕಳಿಸಿದ್ದ. ಗಾಡಿ ಹೂತುಹೋಗಿದ್ದ ಜಾಗದಲ್ಲಿ ನಾಲ್ಕು ಲೋಡು ಗ್ರಾವೆಲ್ ಸುರಿದಿದೆ, ಪಕ್ಕದ ಹೊಲದವರೂ ಅರ್ಧ ದುಡ್ಡು ಹಾಕಿದ್ದಾರಂತೆ. ಗಾಡಿಗೆ 15 ಇಂಚಿನ ಟೈರೇ, ಹಿಂದಿನ ಎರಡಕ್ಕೆ ಮಾತ್ರ ಗುಂಡಿಗುಂಡಿಯಾಗಿ ಆಳವಾದ ಬಟನ್ನಿರುವ ಹೊಸವು. ಬಾಡಿಯ ಅಂಚಿಗೆ ಒರಗಿ ಅವನ ಹೆಂಡತಿ ನಿಂತಿದ್ದಾಳೆ. ಅಂಚು ಅವಳ ಮೊಣಕೈಗೆ ಸರಿಯಾಗಿದೆ.