ಸುಳೇಭಾವಿಯ ಹುಡುಗ, ದೇವಾಸದ ದನಿ

ನಮ್ಮ ಉತ್ತರ ಕರ್ನಾಟಕದ ಹಿಂದುಸ್ತಾನಿ ಗಾಯಕರ ಮಾತು ಬಂದಾಗ ಲೆಕ್ಕ ಸುಲಭ. ಕುಂದಗೋಳದ ಸವಾಯಿ ಗಂಧರ್ವರು ಕಿರಾಣಾ ಘರಾಣೆ. ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಕೂಡ ಅದೇ ಮನೆತನ. ಮಲ್ಲಿಕಾರ್ಜುನ ಮನಸೂರರು ಜೈಪುರ-ಅತ್ರೌಲಿ. ಹೆಸರು ಹೇಳಿದರೆ ಸಾಕು, ಅವರ ಗುರು ಯಾರು, ಗುರುವಿನ ಗುರು ಯಾರು ಎಂದು ಗೋತ್ರ ಹೇಳಿದ ಹಾಗೆ ಹೇಳಿಬಿಡಬಹುದು.

ಆದರೆ ಕುಮಾರ ಗಂಧರ್ವರ ಘರಾಣೆ ಯಾವುದು? ಇಲ್ಲಿ ಎಂಥಾ ಬಲ್ಲವರೂ ಒಂದು ಕ್ಷಣ ತಡವರಿಸುತ್ತಾರೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಲಿತು, ಮಧ್ಯಪ್ರದೇಶದ ದೇವಾಸದಲ್ಲಿ ಬಾಳಿದ ಈ ಮನುಷ್ಯ ಯಾವ ಮನೆತನದ ಹೆಸರನ್ನೂ ಹಚ್ಚಿಕೊಳ್ಳಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಮುಂಬಯಿಯಲ್ಲಿ ಕಳೆದ ನನ್ನಂಥವನಿಗೆ ಅವರ ಕಥೆ ಸಂಗೀತದ ಕಥೆ ಅಷ್ಟೇ ಅಲ್ಲ. ಊರು ಬಿಟ್ಟವನಿಗೆ ಸ್ವಂತ ದನಿ ಎಲ್ಲಿಂದ ಬರುತ್ತದೆ ಎನ್ನುವ ಪ್ರಶ್ನೆ ಅದರಲ್ಲಿದೆ. ಹುಟ್ಟಿದೂರಿನಿಂದಲೋ, ಕಲಿತೂರಿನಿಂದಲೋ, ಅಥವಾ ಬೇರೆಲ್ಲಿಂದಲೋ?

ಮೊದಲಿಂದ ಹೇಳುತ್ತೇನೆ.

ಅವರು ಹುಟ್ಟಿದ್ದು 1924ರ ಏಪ್ರಿಲ್ 8ರಂದು. ಹೆಸರು ಶಿವಪುತ್ರಯ್ಯ, ಮನೆತನ ಕೋಂಕಳಿಮಠ. ಲಿಂಗಾಯತರ ಮನೆ, ತಂದೆ ಸಿದ್ಧರಾಮಯ್ಯನವರೂ ಹಾಡುತ್ತಿದ್ದವರೇ. ಅದು ಗ್ರಾಮಫೋನಿನ ಕಾಲ. ಒಂದು ಪ್ಲೇಟಿನ ಒಂದು ಮಗ್ಗುಲಲ್ಲಿ ಮೂರು ಚಿಲ್ಲರೆ ನಿಮಿಷದ ಹಾಡು. ಹುಡುಗ ಅದನ್ನು ಕೇಳಿ ಹಾಗೆಯೇ ಒಪ್ಪಿಸುತ್ತಿದ್ದ. ಅಬ್ದುಲ್ ಕರೀಂ ಖಾನ್, ರಾಮಕೃಷ್ಣಬುವಾ ವಝೆ ಮುಂತಾದ ದೊಡ್ಡ ದೊಡ್ಡವರ ತಾನು, ಮುರ್ಕಿ, ಉಸಿರು ತೆಗೆದುಕೊಳ್ಳುವ ಜಾಗ ಎಲ್ಲಾ ಸಮೇತ. ಏಳು ವರ್ಷದವನಿದ್ದಾಗಲೇ ಮಠದ ಸ್ವಾಮಿಗಳೊಬ್ಬರು ಹಾಡು ಕೇಳಿ ‘ಕುಮಾರ ಗಂಧರ್ವ’ ಎಂದು ಬಿರುದು ಕೊಟ್ಟರು. ಬಿರುದೇ ಹೆಸರಾಯಿತು. ತಂದೆ ಮಗನನ್ನು ಊರೂರಿಗೆ ಕರೆದುಕೊಂಡು ಹೋಗಿ ಹಾಡಿಸಿದರು. 1930ರ ದಶಕದ ನಡುವೆ ಅಲಹಾಬಾದಿನ ಸಂಗೀತ ಸಮ್ಮೇಳನ, 1936ರಲ್ಲಿ ನಮ್ಮ ಮುಂಬಯಿಯ ಜಿನ್ನಾ ಹಾಲ್. ಎಲ್ಲ ಕಡೆ ಜನ ಬೆರಗಾದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಮುಂದೆ ಇಡೀ ಹಿಂದುಸ್ತಾನಿ ಸಂಗೀತದಲ್ಲಿ ಯಾರ ಹಾಗೂ ಹಾಡದವನು ಎಂದು ಹೆಸರಾದ ಮನುಷ್ಯ ಶುರುವಾದದ್ದು ಎಲ್ಲರ ಹಾಗೂ ಹಾಡುವವನಾಗಿ. ಹತ್ತು ದನಿ ಅವನ ಗಂಟಲಲ್ಲಿದ್ದವು, ತನ್ನದೊಂದು ಬಿಟ್ಟು. ಇಂಥಾ ಬಾಲಪ್ರತಿಭೆಗಳು ಎಷ್ಟೋ ಬಂದಿವೆ, ಮೀಸೆ ಮೂಡುವ ಹೊತ್ತಿಗೆ ಮರೆಯಾಗಿವೆ. ಇವರನ್ನು ಉಳಿಸಿದ್ದು ಮುಂಬಯಿ.

ಮುಂಬಯಿ ಅಂದರೆ ಇಲ್ಲಿ ಪ್ರೊಫೆಸರ್ ಬಿ. ಆರ್. ದೇವಧರರು. ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾಗಿದ್ದ ಅವರು ಒಪೇರಾ ಹೌಸ್ ಬಳಿ ‘ಸ್ಕೂಲ್ ಆಫ್ ಇಂಡಿಯನ್ ಮ್ಯೂಸಿಕ್’ ನಡೆಸುತ್ತಿದ್ದರು. ಅವರೊಂದು ವಿಚಿತ್ರ ಆಸಾಮಿ. ಒಂದೇ ಘರಾಣೆಗೆ ಕಟ್ಟುಬೀಳದೆ ಎಲ್ಲಾ ಉಸ್ತಾದರ ಹತ್ತಿರ ಹೋಗಿ ಚೀಜುಗಳನ್ನು ಸಂಗ್ರಹಿಸಿದವರು, ಪಾಶ್ಚಾತ್ಯ ಸಂಗೀತವನ್ನೂ ಅಭ್ಯಾಸ ಮಾಡಿದವರು. ಹುಡುಗ ಅವರ ಮಡಿಲಿಗೆ ಬಿದ್ದು ಹತ್ತಕ್ಕೂ ಹೆಚ್ಚು ವರ್ಷ ಅಲ್ಲಿಯೇ ಕಲಿತ, ಆಮೇಲೆ ಅಲ್ಲೇ ಕಲಿಸಿದ. ಗುರು ಒಂದು ಶೈಲಿಯ ಅಚ್ಚಿನಲ್ಲಿ ಅವನನ್ನು ಎರಕ ಹೊಯ್ಯಲಿಲ್ಲ. ಆಗಿನ ಮುಂಬಯಿಯಲ್ಲಿ ಬೇರೆ ಬೇರೆ ಘರಾಣೆಯವರು ಒಂದೇ ಟ್ರಾಮಿನ ದೂರದಲ್ಲಿ ಸಿಗುತ್ತಿದ್ದರು. ಭೇಂಡಿಬಜಾರ್ ಘರಾಣೆಯ ಅಂಜನಿಬಾಯಿ ಮಾಲ್ಪೇಕರರ ಹತ್ತಿರವೂ ಕುಮಾರರು ಕಲಿತರು. ಪ್ಲೇಟಿನಿಂದ ಬಂದ ದನಿಗಳ ಒಳಗಿನ ಲೆಕ್ಕಾಚಾರ ಏನು, ಇವರು ಹೀಗೇಕೆ ಹಾಡುತ್ತಾರೆ, ಅವರು ಹಾಗೇಕೆ ಹಾಡುತ್ತಾರೆ ಎಂದು ಬಿಡಿಸಿ ನೋಡುವುದನ್ನು ಅವರಿಗೆ ಕಲಿಸಿದ್ದು ಈ ಊರು. ಅನುಕರಣೆಯಿಂದ ತಿಳಿವಳಿಕೆಗೆ ದಾಟಿದ್ದು ಇಲ್ಲಿ. ಆದರೂ ‘ಕುಮಾರರ ಗಾಯನ’ ಎಂದು ನಾವು ಇಂದು ಗುರುತಿಸುವುದು ಇನ್ನೂ ಹುಟ್ಟಿರಲಿಲ್ಲ.

1947ರಲ್ಲಿ ಅದೇ ಶಾಲೆಯ ಭಾನುಮತಿ ಕಂಸ ಅವರೊಂದಿಗೆ ಮದುವೆ. ಹೆಸರಿದೆ, ಕಛೇರಿಗಳಿವೆ, ವಯಸ್ಸು ಇಪ್ಪತ್ಮೂರು. ಆಗಲೇ ಕ್ಷಯ ಗಂಟುಬಿದ್ದದ್ದು. ಆ ಕಾಲದಲ್ಲಿ ಕ್ಷಯ ಅಂದರೆ ಏನು ಎಂದು ನಮ್ಮ ಹಿರಿಯರನ್ನು ಕೇಳಬೇಕು. ಸ್ಟ್ರೆಪ್ಟೋಮೈಸಿನ್ ಅಮೆರಿಕದಲ್ಲಿ 1943ರಲ್ಲಿ ಸಿಕ್ಕಿತ್ತು, ಇಲ್ಲಿಯ ರೋಗಿಗಳ ಕೈಗೆ ಬರಲು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ಔಷಧ ಅಂದರೆ ಒಣಹವೆ, ಒಳ್ಳೆ ಊಟ, ಮಲಗಿರುವುದು. ಮುಂಬಯಿಯ ತೇವದ ಗಾಳಿ ಬಿಟ್ಟು 1948ರ ಆರಂಭದಲ್ಲಿ ಗಂಡಹೆಂಡತಿ ಮಾಳವಾದ ದೇವಾಸಕ್ಕೆ ಹೋದರು. ವೈದ್ಯರು ಹಾಡಕೂಡದು ಎಂದಿದ್ದರು. ಗುನುಗುವುದೂ ಇಲ್ಲ.

ದೇವಾಸ ಇಂದೋರಿನ ಹತ್ತಿರದ ಸಣ್ಣ ಊರು. ನಡುವೆ ಒಂದು ಗುಡ್ಡ, ಅದರ ಮೇಲೆ ದೇವಿ. ಒಂದೇ ಊರಿನಲ್ಲಿ ಹಿರಿಯ, ಕಿರಿಯ ಎಂದು ಎರಡು ಸಂಸ್ಥಾನಗಳಿದ್ದವು. ಅಲ್ಲಿನ ಆಸ್ಥಾನದಲ್ಲಿ ರಜಬ್ ಅಲಿ ಖಾನರಂಥ ದೊಡ್ಡ ಗಾಯಕರು ಹಾಡಿದ್ದರು. ಆದರೆ ಕುಮಾರರು ಹೋದ 1948ರಲ್ಲೇ ಈ ಸಂಸ್ಥಾನಗಳು ಮಧ್ಯಭಾರತದಲ್ಲಿ ವಿಲೀನವಾದವು. ಅಂದರೆ ರಾಜಾಶ್ರಯದ ಕಾಲ ಮುಗಿದಿತ್ತು. ಮನೆ ನಡೆದದ್ದು ಭಾನುಮತಿಯವರು ಅಲ್ಲಿನ ಶಾಲೆಯಲ್ಲಿ ಪಾಠ ಹೇಳಿ ತಂದ ಸಂಬಳದಿಂದ. ‘ಸ್ವತಂತ್ರ ಕಲಾವಿದ’ ಎಂದು ನಾವು ಹೇಳುವಾಗ ಈ ಸಂಬಳವನ್ನು ಲೆಕ್ಕದಿಂದ ಬಿಡಬಾರದು. ತಾವೂ ಗಾಯಕಿಯಾಗಿದ್ದ ಒಬ್ಬ ಹೆಣ್ಣುಮಗಳು ದಿನವೂ ದುಡಿದು ಬಂದು, ರೋಗಿಯ ಶುಶ್ರೂಷೆ ಮಾಡಿ, ಆ ಸ್ವಾತಂತ್ರ್ಯದ ಬೆಲೆ ಕಟ್ಟಿದ್ದಾರೆ. 1961ರಲ್ಲಿ ಹೆರಿಗೆಯ ಸಮಯದಲ್ಲಿ ಅವರು ತೀರಿಕೊಂಡರು. ದೇವಾಸದ ಮನೆಯ ಹೆಸರು ‘ಭಾನುಕುಲ’.

ಹಾಸಿಗೆ ಹಿಡಿದವನಿಗೆ ಬಾಯಿ ಮುಚ್ಚಿತ್ತು, ಕಿವಿ ಮುಚ್ಚಿರಲಿಲ್ಲವಲ್ಲ! ಐದಾರು ವರ್ಷ ಅವರು ಕೇಳಿಸಿಕೊಂಡರು. ಹೆಂಗಸರು ಮದುವೆಗೆ, ಹಬ್ಬಕ್ಕೆ, ಮಳೆಗಾಲಕ್ಕೆ ಹಾಡಿಕೊಳ್ಳುವ ಮಾಳವಿ ಹಾಡುಗಳು. ಬೀದಿಯಲ್ಲಿ ಹಾದುಹೋಗುವ ಭಿಕ್ಷುಕರ ಹಾಡು. ಊರಿನಲ್ಲಿದ್ದ ನಾಥಪಂಥದ ಶೀಲನಾಥ ಮಹಾರಾಜರ ಧೂನಿಯ ಕಡೆಯವರು ಹಾಡುವ ಕಬೀರ, ಗೋರಖನಾಥರ ನಿರ್ಗುಣ ಪದಗಳು. ಆ ಊರಿನವರಿಗೆ ಇವೆಲ್ಲ ಕೇಳಿ ಕೇಳಿ ಹಳತಾದ ಸದ್ದು. ರಾಗದಾರಿ ಹಾಡುವವರಿಗೆ ‘ಹಳ್ಳಿ ಹಾಡು’. ಹೊರಗಿನಿಂದ ಬಂದ ಇವರ ಕಿವಿಗೆ ಮಾತ್ರ ಹೊಸದು.

ಇವರು ಕಂಡುಕೊಂಡದ್ದು ಇಷ್ಟು: ಈ ಹಾಡುಗಳಲ್ಲಿ ಇರುವುದು ನಾಲ್ಕೈದು ಸ್ವರ. ಆದರೆ ಆ ನಾಲ್ಕೈದು ಸ್ವರಗಳ ನಡುವೆ ಒಂದು ಗಟ್ಟಿ ನಂಟಿದೆ, ಒಂದು ಚಲನೆ ಇದೆ. ಅದನ್ನು ಬೆಳೆಸಿದರೆ ರಾಗವಾಗುತ್ತದೆ. ಅಂದರೆ ರಾಗ ಮೊದಲು, ಅದರಿಂದ ಹಗುರವಾಗಿ ಇಳಿದು ಬಂದದ್ದು ಜನಪದ ಎನ್ನುವುದಲ್ಲ. ಜನರ ಧಾಟಿಯೇ ಬೀಜ, ರಾಗ ಅದರ ಮರ. ಈ ಮಾತನ್ನು ಅವರು ಬರೀ ವಾದ ಮಾಡಿ ಬಿಡಲಿಲ್ಲ, ಮಾಡಿ ತೋರಿಸಿದರು. ಮಾಳವಾದ ಧಾಟಿಗಳಿಂದ ಮಾಲವತಿ, ಸಂಜಾರಿ, ಲಗನಗಾಂಧಾರ, ಸಹೇಲಿ ತೋಡಿ, ಅಹಿಮೋಹಿನಿಯಂಥ ರಾಗಗಳನ್ನು ಕಟ್ಟಿದರು. ಇವಕ್ಕೆ ‘ಧುನ್ ಉಗಮ ರಾಗ’ ಎಂದು ಕರೆದರು. ಸಾಮಾನ್ಯವಾಗಿ ಹೊಸ ರಾಗ ಮಾಡುವವರು ಇದ್ದ ಎರಡು ರಾಗಗಳನ್ನು ಬೆಸೆಯುತ್ತಾರೆ. ಇವರು ಬೀದಿಯಿಂದ ತಂದರು.

1952ರ ಹೊತ್ತಿಗೆ ಹೊಸ ಔಷಧ ಸಿಕ್ಕಿ ಜೀವ ಉಳಿಯಿತು. ಒಂದು ಪುಪ್ಪುಸ ಮಾತ್ರ ಹೋದಂತೆಯೇ. 1953ರಲ್ಲಿ ಮತ್ತೆ ಕಛೇರಿಗೆ ಕೂತರು. ಹಳೆಯ ಬಾಲಗಾಯಕನನ್ನು ನೆನೆದು ಬಂದವರು ಕೇಳಿದ್ದು ಬೇರೆಯೇ ದನಿ. ಚಿಕ್ಕ ಚಿಕ್ಕ ತುಣುಕು, ನಡುವೆ ಮೌನ, ಮತ್ತೆ ಬಾಣ ಬಿಟ್ಟ ಹಾಗೆ ತಾರಸ್ಥಾಯಿಗೆ ಒಂದು ನೆಗೆತ, ಹಿಂದೆಯೇ ಪಿಸುಮಾತಿನಂಥ ಸ್ವರ. ಹಿಂದೆ ಹದವಾಗಿ ಶ್ರುತಿಗೂಡಿಸಿದ ಎರಡು ತಂಬೂರಿ.

‘ಒಂದೇ ಪುಪ್ಪುಸ, ಉಸಿರು ಸಾಲದು, ಅದಕ್ಕೇ ತುಂಡು ತುಂಡು ಹಾಡುತ್ತಿದ್ದರು’ ಎಂದು ಈಗಲೂ ಹೇಳುವವರಿದ್ದಾರೆ. ಅರ್ಧ ನಿಜ ಇರಬಹುದು. ಆದರೆ ಉಸಿರು ಕಡಿಮೆಯಾದರೆ ಹಾಡು ಕಡಿಮೆಯಾಗಬೇಕು, ಹೊಸದಾಗಬೇಕಾಗಿಲ್ಲ. ಕಾಯಿಲೆ ಒಂದು ದಾರಿ ಮುಚ್ಚಿತು, ಇನ್ನೊಂದು ದಾರಿ ಹುಡುಕಿದ್ದು ಅವರ ತಲೆ. ನಾಲ್ಕೇ ಸ್ವರದಲ್ಲಿ ಒಂದು ಲೋಕವನ್ನೇ ಹೇಳಬಹುದು ಎಂದು ಮಾಳವಾದ ಹೆಂಗಸರಿಂದ ಕಲಿಯದೇ ಹೋಗಿದ್ದರೆ ಆ ತುಣುಕುಗಳು ಬರೀ ತುಣುಕುಗಳಾಗಿಯೇ ಉಳಿಯುತ್ತಿದ್ದವು ಎಂದು ನನಗನ್ನಿಸುತ್ತದೆ.

ಸಂಪ್ರದಾಯದವರು ಸುಮ್ಮನಿರಲಿಲ್ಲ. ಅತಿ ವಿಳಂಬಿತದಲ್ಲಿ ಗಂಟೆಗಟ್ಟಲೆ ರಾಗ ಬಿಡಿಸುವುದಿಲ್ಲ, ರಾಗದ ಕಟ್ಟಳೆ ಮೀರುತ್ತಾರೆ, ಇದೆಂಥ ಖಯಾಲು ಎಂದು ಟೀಕೆ ಬಂತು. ಘರಾಣೆ ಇದ್ದಿದ್ದರೆ ‘ನಮ್ಮ ಗುರುಗಳು ಹೀಗೇ ಹೇಳಿಕೊಟ್ಟರು’ ಎಂದು ಬಾಯಿ ಮುಚ್ಚಿಸಬಹುದಿತ್ತು. ಇವರಿಗೆ ಆ ಕೊಡೆಯಿಲ್ಲ. ಪ್ರತಿ ಸ್ವರಕ್ಕೂ ತಾವೇ ಜವಾಬು ಕೊಡಬೇಕು. ಅವರು ಕೊಟ್ಟ ಉತ್ತರ ಕೆಲಸ. 1965ರಲ್ಲಿ ‘ಅನೂಪರಾಗವಿಲಾಸ’ ಎಂದು ತಮ್ಮ ಬಂದಿಶ್‌ಗಳ ಪುಸ್ತಕ ತಂದರು. ‘ಗೀತ ವರ್ಷಾ’ದಂಥ, ಒಂದು ಋತುವಿಗೇ ಮೀಸಲಾದ ಕಾರ್ಯಕ್ರಮಗಳನ್ನು ಕಟ್ಟಿದರು. ಒಂದು ಸಂಜೆಯ ಕಛೇರಿಗೆ ಒಂದು ವಿಷಯ ಇರಬಹುದು ಎನ್ನುವ ಯೋಚನೆಯೇ ಆಗ ಹೊಸದಾಗಿತ್ತು.

ಇನ್ನೊಂದು ಕಾರ್ಯಕ್ರಮ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ: ‘ಮಲಾ ಉಮಜಲೇಲೆ ಬಾಲಗಂಧರ್ವ’, ಅಂದರೆ ನನಗೆ ತಿಳಿದ ಬಾಲಗಂಧರ್ವ. ಮರಾಠಿ ರಂಗಭೂಮಿಯ ಆ ಮಹಾ ಗಾಯಕನಟರ ಹಾಡುಗಳನ್ನೇ ತೆಗೆದುಕೊಂಡು ಹಾಡಿದರು. ನೋಡಿ, ಚಿಕ್ಕವರಿದ್ದಾಗ ಪರರ ದನಿಯನ್ನು ಹಾಗೆ ಹಾಗೇ ಒಪ್ಪಿಸುತ್ತಿದ್ದವರು ನಡುವಯಸ್ಸಿನಲ್ಲಿ ಮತ್ತೆ ಪರರ ಹಾಡಿಗೇ ಬಂದರು. ಆದರೆ ಈ ಸಲ ‘ನನಗೆ ತಿಳಿದ’ ಎನ್ನುವ ಮಾತು ಮೊದಲಿಗಿದೆ. ಸ್ವಂತ ಶೈಲಿ ಅಂದರೆ ಹಿಂದಿನವರನ್ನು ತಳ್ಳಿಬಿಡುವುದು ಎಂದುಕೊಂಡ ಹುಡುಗರು ಇದನ್ನು ಕೇಳಬೇಕು.

ಆಮೇಲೆ ಪ್ರಶಸ್ತಿಗಳು ಬಂದವು. 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ. 1992ರ ಜನವರಿ 12ರಂದು ದೇವಾಸದಲ್ಲೇ ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಧಾರವಾಡದ ಮನಸೂರರೂ ಹೋದರು. ಒಬ್ಬರು ಮನೆತನದ ಹಾಡನ್ನು ತುದಿ ಮುಟ್ಟಿಸಿದವರು, ಇನ್ನೊಬ್ಬರು ಮನೆತನವೇ ಬೇಡ ಎಂದವರು. ಇಬ್ಬರೂ ನಮ್ಮ ಸೀಮೆಯವರು, ಇಬ್ಬರೂ ಸರಿ.

ಈಗ ಜಗಳದ ಮಾತಿಗೆ ಬರೋಣ. ನಮ್ಮ ಬಿಲ್ಡಿಂಗಿನ ಮರಾಠಿ ಗೆಳೆಯರು ಕುಮಾರರನ್ನು ‘ಆಮ್ಚೇ ಕುಮಾರ’ ಎನ್ನುತ್ತಾರೆ. ಧಾರವಾಡದ ಗೆಳೆಯರು ‘ಅವರು ನಮ್ಮವರ್ರೀ’ ಎಂದು ಎದೆ ತಟ್ಟುತ್ತಾರೆ. ಮಾಳವಾದವರಿಗೆ ಅವರೇ ಮಾಳವಾದ ದನಿ. ನಾನೂ ಈ ಎಳೆದಾಟದಲ್ಲಿ ಖುಷಿಯಿಂದ ಸೇರಿದವನೇ. ಎರೆಮಣ್ಣಿನ ನಾಡಿನಿಂದ ಎರೆಮಣ್ಣಿನ ನಾಡಿಗೇ ಹೋದರು, ವಚನ, ತತ್ವಪದ ಕಿವಿಗೆ ಬಿದ್ದ ಸೀಮೆಯವರಿಗೆ ಕಬೀರನ ನಿರ್ಗುಣ ಅಪರಿಚಿತವಾಗಿರಲಿಕ್ಕಿಲ್ಲ ಎಂದೆಲ್ಲ ನನಗೂ ಹೇಳಬೇಕೆನಿಸುತ್ತದೆ. ಆದರೆ ಅವರ ಬದುಕು ಹೇಳುವುದು ಬೇರೆ. ಸುಳೇಭಾವಿ ಅವರಿಗೆ ಗಂಟಲು ಕೊಟ್ಟಿತು, ಮುಂಬಯಿ ವಿದ್ಯೆ ಕೊಟ್ಟಿತು. ದನಿ ಸಿಕ್ಕಿದ್ದು ತನ್ನ ಭಾಷೆಯಲ್ಲದ, ತನ್ನನ್ನು ಯಾರೂ ಕರೆಯದ, ಕಾಯಿಲೆ ಎಳೆದುಕೊಂಡು ಹೋಗಿ ಬಿಟ್ಟ ಊರಿನಲ್ಲಿ.

ನಾವು ಹೊರನಾಡಿನವರು ಊರಿನ ದನಿಯನ್ನು ಡಬ್ಬಿಯಲ್ಲಿ ಉಪ್ಪಿನಕಾಯಿ ತಂದ ಹಾಗೆ ತಂದಿಟ್ಟುಕೊಳ್ಳುತ್ತೇವೆ. ಸಂಘದ ವಾರ್ಷಿಕೋತ್ಸವದಲ್ಲಿ ಅದೇ ಹಾಡು, ಅದೇ ನಾಟಕ. ತಪ್ಪೇನಿಲ್ಲ, ಅದು ಬೇಕು. ಆದರೆ ನಲವತ್ತು ವರ್ಷ ಬಾಳಿದ ಊರಿನ ಕೋಳಿ ಹೆಂಗಸರು ಏನು ಹಾಡುತ್ತಾರೆ, ಲೋಕಲ್ ಗಾಡಿಯಲ್ಲಿ ತಾಳ ಹಿಡಿದು ಕೂತ ಭಜನಾ ಮಂಡಳಿಯವರ ಅಭಂಗದ ಧಾಟಿ ಎಲ್ಲಿ ತಿರುಗುತ್ತದೆ, ರಾತ್ರಿ ಪಾಳಿಯ ಪೂರಬಿಯಾ ವಾಚ್‌ಮನ್ ಏನು ಗುನುಗುತ್ತಾನೆ ಎಂದು ನಾವು ಎಷ್ಟು ಜನ ನಿಂತು ಕೇಳಿದ್ದೇವೆ? ನಮ್ಮ ಮಕ್ಕಳಲ್ಲಿ ಯಾರಾದರೂ ಚಿತ್ರ ಬರೆದರೆ, ಹಾಡಿದರೆ, ಕಥೆ ಬರೆದರೆ ‘ಇದರಲ್ಲಿ ನಮ್ಮದೇನಿದೆ?’ ಎಂದು ಬೇಗ ಕೇಳಿಬಿಡುತ್ತೇವೆ. ಆ ಮಗು ಇನ್ನೂ ಕೇಳಿಸಿಕೊಳ್ಳುತ್ತಿರಬಹುದು. ಸ್ವಲ್ಪ ಬಿಡೋಣ.

ಕುಮಾರರ ನಂತರ ಅವರ ತುಣುಕು, ಅವರ ನೆಗೆತ, ಅವರ ಮೌನವನ್ನೇ ಅನುಕರಿಸಿದ ಗಾಯಕರನ್ನೂ ನಾನು ಕೇಳಿದ್ದೇನೆ. ಎರಡೂ ಪುಪ್ಪುಸ ಗಟ್ಟಿಯಿದ್ದವರು! ಅದು ನಿಲ್ಲಲಿಲ್ಲ. ಅವರ ಮಕ್ಕಳಾದ ಮುಕುಲ ಶಿವಪುತ್ರ, ಕಲಾಪಿನಿ ಕೋಮಕಲಿ ಇಬ್ಬರೂ ಹಾಡುವವರೇ. ಒಬ್ಬರಂತೆ ಇನ್ನೊಬ್ಬರ ಹಾಡಿಲ್ಲ. ಘರಾಣೆ ಬೇಡವೆಂದ ತಂದೆಗೆ ಇದಕ್ಕಿಂತ ಒಳ್ಳೆ ಕಾಣಿಕೆ ಇರಲಾರದು.

ಕೇಳಿಲ್ಲದವರು ಲಗನಗಾಂಧಾರದಿಂದ ಶುರು ಮಾಡಿ. ಮೊದಲ ಸಲಕ್ಕೆ ‘ಇದೇನಪ್ಪಾ’ ಅನ್ನಿಸಿದರೆ ಗಾಬರಿ ಬೇಡ. 1953ರಲ್ಲಿ ಕೇಳಿದವರಿಗೂ ಹಾಗೇ ಅನ್ನಿಸಿದ್ದಿರಬೇಕು.