ಕಾರ್ಡ್ ಇಲ್ಲದವರ ಜೀವವೂ ಜೀವವೇ

ನಮ್ಮ ಗಣಪತಿ ಇರುವುದು ಕೊಯಮತ್ತೂರಿನಿಂದ ಸತ್ಯಮಂಗಲಕ್ಕೆ ಹೋಗುವ ರಸ್ತೆಯಲ್ಲಿ. ಅಪಘಾತವಾದರೆ ನಮ್ಮ ಜನರ ಮೊದಲ ಭಯ, "ದುಡ್ಡು ಎಷ್ಟು ಕಟ್ಟಬೇಕೋ?" ಈ ಭಯ ಕಡಿಮೆಯಾಗಲು ಬಹಳ ವರ್ಷ ಹಿಡಿಯಿತು.

1989ರಲ್ಲಿ ಸುಪ್ರೀಂ ಕೋರ್ಟು ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ, ಪೊಲೀಸರ ಕಾಗದಕ್ಕೆ ಕಾಯದೆ ಮೊದಲು ಜೀವ ಉಳಿಸಿ ಎಂದು ಸರ್ಕಾರಿ, ಖಾಸಗಿ ವೈದ್ಯರಿಬ್ಬರಿಗೂ ಹೇಳಿತು. ಆದರೂ 1992ರಲ್ಲಿ ಬಂಗಾಳದಲ್ಲಿ ರೈಲಿನಿಂದ ಬಿದ್ದ ಹಕೀಂ ಶೇಖ್ ಎಂಬ ಕೂಲಿಕಾರನಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗಲಿಲ್ಲ. ಖಾಸಗಿಯಲ್ಲಿ ಸುಮಾರು 17,000 ರೂ. ತೆತ್ತ. 1996ರಲ್ಲಿ ಕೋರ್ಟು ಅವನಿಗೆ 25,000 ರೂ. ಪರಿಹಾರ ಕೊಡಿಸಿತು.

ತಮಿಳುನಾಡಿಗೆ 2008ರಲ್ಲಿ 108 ವಾಹನ ಬಂತು. 2021ರ ಡಿಸೆಂಬರಿನಲ್ಲಿ 'ಇನ್ನುಯಿರ್ ಕಾಪ್ಪೋಂ' ಯೋಜನೆ ಬಂತು: ರಸ್ತೆ ಅಪಘಾತವಾದವರಿಗೆ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಮೊದಲ 48 ಗಂಟೆ ಉಚಿತ. ವಿಮೆ ಕಾರ್ಡ್ ಬೇಡ, ಹೊರರಾಜ್ಯದವರಿಗೂ ಉಂಟು.

ಪೋಷಕರೇ, ಕಾರ್ಡ್ ಹುಡುಕುತ್ತಾ ಕೂರಬೇಡಿ. ಮೊದಲು 108ಕ್ಕೆ ಫೋನ್ ಮಾಡಿ.