ಎಡಕುಮೇರಿ ನಿಲ್ದಾಣ ಮತ್ತು ಈರ್ಯಾಸಮಿತಿ

ಹಾಸನ ಜಿಲ್ಲೆಯ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ, 57 ಸುರಂಗಗಳ ಘಟ್ಟದ ರೈಲುಮಾರ್ಗದಲ್ಲಿ ಎಡಕುಮೇರಿ ನಿಲ್ದಾಣವಿದೆ. 1979ರಲ್ಲಿ ಪೂರ್ಣಗೊಂಡ ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗದ ಈ ಭಾಗವನ್ನು ಗೇಜ್ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಲಾಯಿತು. ಸರಕು ಗಾಡಿಗಳು 2006ರಲ್ಲಿಯೂ ಪ್ರಯಾಣಿಕರ ಗಾಡಿಗಳು 2007ರಲ್ಲಿಯೂ ಮರಳಿದವು. ನಡುವಿನ ದಶಕದಲ್ಲಿ ಗಾಡಿಯಿಲ್ಲದ ಆ ನಿಲ್ದಾಣವು ಹಳಿಗುಂಟ ನಡೆದುಬರುವ ಚಾರಣಿಗರ ತಂಗುದಾಣವಾಗಿತ್ತು.

ನಿರ್ಜನವಾದುದೆಲ್ಲವೂ ನಿರ್ಜೀವವಲ್ಲ. ಬಳಕೆ ನಿಂತ ನೆಲದಲ್ಲಿ ಹುಲ್ಲು, ಹುಳು, ಕಪ್ಪೆಗಳು ನೆಲೆಗೊಳ್ಳುತ್ತವೆ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ನಡೆಯಬೇಕೆಂಬ ಈರ್ಯಾಸಮಿತಿಯು ಮುನಿಗಳಿಗೆ ವಿಹಿತವಾದುದಾದರೂ ಶ್ರಾವಕರಿಗೂ ಅದರಲ್ಲಿ ಪಾಠವಿದೆ. ಪೂಜೆ ನಿಂತ ಬಸದಿಗಳ ಜೀರ್ಣೋದ್ಧಾರಕ್ಕೆ ಹೊರಡುವ ನಮ್ಮ ಟ್ರಸ್ಟುಗಳು, ಅಂಗಳದ ಪೊದೆಗೆ ಬೆಂಕಿಯಿಡುವ ಮುನ್ನ, ಅಲ್ಲಿ ಈಗ ಯಾವ ಜೀವಗಳು ವಾಸಿಸುತ್ತಿವೆ ಎಂಬುದನ್ನು ಮೊದಲು ನೋಡಬೇಕು.